ಮೂರನೆಯ ಅಪವರ್ತನ

ನನ್ನ ಎಂಫಿಲ್ ಪ್ರಬಂಧದ ಐದು ಪ್ರತಿಗಳು ಝೆರಾಕ್ಸ್ ಅಂಗಡಿಯಿಂದ ಮನೆಗೆ ಬಂದಾಗ ನನಗೆ ಮೂವತ್ತೇಳು ದಾಟಿತ್ತು. ಆಗ ಮುಂಬಯಿ ಬಳಿಯ ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಡೊಂಬಿವಲಿ ಎಂಐಡಿಸಿಯ ವಸತಿ ಭಾಗದಲ್ಲಿ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚಿಬಿಡುತ್ತಿದ್ದೆವು. ಗಂಡ ಠಾಣೆಯಲ್ಲಿ ಹೋಟೆಲ್ ಮ್ಯಾನೇಜರ್. ಅತ್ತೆ, ಅಂದರೆ ಅವರ ತಾಯಿ, ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವರು. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದರು. ಲೇತ್‌ನಿಂದ ಬಂದ ಪಿನ್ನುಗಳ ಅಳತೆ ಸರಿಯಿದೆಯೇ ಎಂದು ಗೇಜಿನಲ್ಲಿ ತೂರಿಸಿ ನೋಡುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೂ ಆ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಅಂಗಡಿಯಿಂದ ತಂದ ಬೆಂಕಿಪೊಟ್ಟಣವನ್ನೂ ತೆರೆದು ನೋಡಿಯೇ ಒಳಗಿಡುತ್ತಿದ್ದರು.

ನನ್ನ ಮಾರ್ಗದರ್ಶಕರು ಧಾರವಾಡದ ಕಡೆಯವರು, ವಾಶಿಯ ಒಂದು ಕಾಲೇಜಿನಲ್ಲಿದ್ದರು. ಪ್ರತಿ ಶನಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ಅವರಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನವೇ ಸರ್ ಬೋರ್ಡಿನ ಮೇಲೆ ಎರಡು ಸಮೀಕರಣ ಬರೆದಿದ್ದರು. ಫ್ಯಾಕ್ಟೋರಿಯಲ್ ಎಂದರೆ ಒಂದರಿಂದ ಹಿಡಿದು ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸಿದರೆ ಬರುವ ಗುಣಲಬ್ಧ. ಒಂದು ಪೂರ್ಣಾಂಕದ ವರ್ಗಕ್ಕೆ ಒಂದು ಕೂಡಿಸಿದರೆ ಯಾವಾಗ ಫ್ಯಾಕ್ಟೋರಿಯಲ್ ಬರುತ್ತದೆ? ಇದು ಮೊದಲನೆಯದು. ಇದನ್ನು ಐದು ನಿಮಿಷದಲ್ಲಿ ಮುಗಿಸಬಹುದು. ವರ್ಗಕ್ಕೆ ಒಂದು ಕೂಡಿಸಿದ ಸಂಖ್ಯೆಯನ್ನು ಮೂರು ಎಂದೂ ಭಾಗಿಸುವುದಿಲ್ಲ. ಆದರೆ ಮೂರರಿಂದ ಮುಂದಿನ ಎಲ್ಲ ಫ್ಯಾಕ್ಟೋರಿಯಲ್‌ಗಳನ್ನೂ ಮೂರು ಭಾಗಿಸುತ್ತದೆ. ಆದ್ದರಿಂದ ಎರಡರ ಆಚೆ ಉತ್ತರವೇ ಇಲ್ಲ.

ಎರಡನೆಯದರಲ್ಲಿ ಕೂಡಿಸುವ ಬದಲು ಒಂದು ಕಳೆಯಬೇಕು, ಅಷ್ಟೇ ವ್ಯತ್ಯಾಸ. ನಾಲ್ಕು, ಐದು, ಏಳು, ಈ ಮೂರರ ಫ್ಯಾಕ್ಟೋರಿಯಲ್‌ಗಳು ಸಿಗುತ್ತವೆ. ಆಮೇಲೆ ಇನ್ನೊಂದು ಯಾರಿಗೂ ಸಿಕ್ಕಿಲ್ಲ. ಇನ್ನು ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ.

“ಇದರ ಗೊಡವಿಗೆ ಹೋಗಬ್ಯಾಡ್ರಿ,” ಅಂದಿದ್ದರು ಸರ್. “ಮೊದಲನೇದರ ಯುಕ್ತಿ ಎಷ್ಟು ದೂರ ಓಡತದ, ಅದನ್ನ ನೋಡ್ರಿ.”

ಎರಡು ವರ್ಷ ಅದನ್ನೇ ನೋಡಿದೆ. ವರ್ಗಕ್ಕೆ ಒಂದು ಕೂಡಿಸಿದಂಥ, ಇನ್ನಷ್ಟು ಒಡೆಯಲಾಗದ ಎರಡನೆಯ ಘಾತದ ಪದಗಳನ್ನು ಅಪವರ್ತನಗಳಾಗಿ ಎಷ್ಟು ಬೇಕಾದರೂ ಗುಣಿಸಿ ಒಂದು ಬಹುಪದಿ ಮಾಡಿಕೊಳ್ಳಿ. ಅದರ ಬೆಲೆ ಫ್ಯಾಕ್ಟೋರಿಯಲ್ ಆಗುವುದು ಎಣಿಸಿ ಮುಗಿಯುವಷ್ಟು ಸಲ ಮಾತ್ರ. ಇದು ನನ್ನ ಪ್ರಬಂಧದ ಮುಖ್ಯ ಪ್ರಮೇಯ. ಸರ್ ಓದಿ ಸಹಿ ಹಾಕಿದ್ದರು. ಒಪ್ಪಿಸುವುದಕ್ಕೆ ಒಂದು ವಾರ ಉಳಿದಿತ್ತು.

ಪ್ರತಿಗಳು ಬಂದ ದಿನ ಮಧ್ಯಾಹ್ನ ಅತ್ತೆ ಐದೂ ಪ್ರತಿಗಳನ್ನು ಚಾಪೆಯ ಮೇಲೆ ಹರಡಿ ಪುಟಸಂಖ್ಯೆ ನೋಡಲು ಕೂತರು. ಒಂದು ಪ್ರತಿಯಲ್ಲಿ ನಲವತ್ತೊಂದನೆಯ ಪುಟ ಎರಡು ಸಲ ಬಂದಿದ್ದನ್ನು ಹಿಡಿದರು. ಆಮೇಲೆ, ಇದರಲ್ಲಿ ಇರುವುದಾದರೂ ಎಂತ ಎಂದು ಕೇಳಿದರು. ಹೆಚ್ಚಾದ ಆ ಪುಟದ ಹಿಂದೆ ಬರೆದು ತೋರಿಸಿದೆ. ವರ್ಗಕ್ಕೆ ಒಂದು ಕೂಡಿಸಿದ್ದನ್ನು ಮೂರು ಭಾಗಿಸುವುದಿಲ್ಲ ಎನ್ನುವುದು ನಾಲ್ಕೈದು ಲೆಕ್ಕದಲ್ಲೇ ಅವರಿಗೆ ತಿಳಿಯಿತು. ವರ್ಗಕ್ಕೆ ಎರಡು ಕೂಡಿಸಿದ್ದನ್ನು ಐದು ಭಾಗಿಸುವುದಿಲ್ಲ, ಅದೂ ತಿಳಿಯಿತು. ಈಗ ಇವೆರಡನ್ನೂ ಗುಣಿಸಿದರೂ ಫ್ಯಾಕ್ಟೋರಿಯಲ್ ಆಗದಂತೆ ಹಾಗೆಯೇ ತಡೆಯಬಹುದು ಅಂದೆ.

ಅತ್ತೆ ಎರಡು ಪದಗಳ ಮೇಲೂ ಒಂದೊಂದಾಗಿ ಬೆರಳಿಟ್ಟರು. “ಮೂರು ಇದನ್ನು ಭಾಗಿಸುದಿಲ್ಲ, ಸರಿ. ಅದನ್ನು ಭಾಗಿಸ್ತದಲ್ಲ? ಎರಡಕ್ಕೂ ಆಗುವಂಥ ಒಂದೇ ಗೇಜು ಬೇಡವಾ ನಿಂಗೆ?”

ಅದಕ್ಕೆ ಏಳು ಇದೆ ಎಂದು ನಗುತ್ತ ಹೇಳಿದೆ. ಏಳು ಎರಡನ್ನೂ ಭಾಗಿಸುವುದಿಲ್ಲ. ಮೂರು ಪದಗಳಾದರೆ ಎಂದರು. ಆಗಲೂ ಒಂದು ಇದ್ದೇ ಇರುತ್ತದೆ ಎಂದೆ. ತೋರಿಸಲೆಂದು ವರ್ಗದಿಂದ ಎರಡು ಕಳೆಯುವ ಮೂರನೆಯ ಪದವನ್ನು ಪಕ್ಕದಲ್ಲಿ ಬರೆದೆ. ಒಂಬತ್ತರಲ್ಲಿ ಎರಡು ಕಳೆದರೆ ಏಳು. ಏಳು ಹೋಯಿತು. ಒಂಬತ್ತಕ್ಕೆ ಎರಡು ಕೂಡಿಸಿದರೆ ಹನ್ನೊಂದು, ಅದೂ ಹೋಯಿತು. ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ಮೂರು, ಯಾವ ಅವಿಭಾಜ್ಯ ಸಂಖ್ಯೆಯನ್ನು ಹಿಡಿದರೂ ಮೂರರಲ್ಲಿ ಒಂದನ್ನು ಅದು ಭಾಗಿಸಿಯೇ ತೀರುತ್ತಿತ್ತು. ಮೂರನೆಯ ಅಧ್ಯಾಯ ತೆಗೆದು ನೋಡಿದೆ. ಪ್ರತಿ ಪದಕ್ಕೂ ಒಂದು ಅವಿಭಾಜ್ಯ ಇದೆ ಎಂದು ತೋರಿಸಿ, ಮುಂದಿನ ಸಾಲಿನಲ್ಲೇ ಎಲ್ಲಕ್ಕೂ ಸೇರಿ ಒಂದಿದೆ ಎಂದು ಬರೆದಿದ್ದೆ. ನಡುವೆ ಕಾರಣವೇ ಇರಲಿಲ್ಲ.

ಗಂಡ ಬಂದಾಗ ಹೇಳಿದೆ. ಸರ್ ಸಹಿ ಹಾಕಿ ಆಗಿದೆ, ಸರ್‌ಗೇ ಕಾಣದ್ದು ಇನ್ನು ಯಾರಿಗೆ ಕಾಣುತ್ತದೆ, ಮೊದಲು ಒಪ್ಪಿಸು, ಆಮೇಲೆ ಬೇಕಾದರೆ ಸರಿಮಾಡು ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎರಡು ವರ್ಷ ನಾನು ಪಟ್ಟ ಪಾಡು ನೋಡಿದ್ದವರು. ಅತ್ತೆ ಹಾಳೆಗಳನ್ನು ಜೋಡಿಸಿ ಕಪಾಟಿನಲ್ಲಿಟ್ಟರು. ಬೈಂಡಿಂಗಿಗೆ ಕೊಡುವ ಮಾತೇ ಎತ್ತಲಿಲ್ಲ.

ಮರುದಿನ ರಜೆ ಹಾಕಿ ವಾಶಿಗೆ ಹೋದೆ. ಸರ್ ಮೂರು ಪದಗಳನ್ನೂ ಬೋರ್ಡಿನ ಮೇಲೆ ಬರೆದು ಅವಿಭಾಜ್ಯಗಳನ್ನು ಒಂದೊಂದಾಗಿ ಹಾಕಿ ನೋಡಿದರು.

“ತಪ್ಪು ನಂದೂ ಅದ,” ಅಂದರು ಕೊನೆಗೆ. “ಮೂರನೇ ಅಧ್ಯಾಯ ತಗದು ಉಳಿದದ್ದು ಕೊಡ್ರಿ. ಡಿಗ್ರಿಗೆ ಏನೂ ಅಡ್ಡಿಯಿಲ್ಲ.”

“ಬೇಡ ಸರ್. ಎಲ್ಲಿಯವರೆಗೆ ನಿಜ ಅಂತ ತಿಳ್ಕೊಂಡೇ ಕೊಡ್ತೇನೆ.”

ಅವಧಿ ವಿಸ್ತರಣೆಗೆ ಅರ್ಜಿ ಬರೆದೆ. ಕಾರಣದ ಜಾಗದಲ್ಲಿ ಪ್ರಮೇಯದ ಸಾಧನೆಯಲ್ಲಿ ದೋಷ ಕಂಡುಬಂದಿದೆ ಎಂದು ಬರೆದಿದ್ದೆ. ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತೆ ಅದನ್ನು ಓದಿ, ಹೀಗೆ ಯಾರೂ ಬರೆಯುವುದಿಲ್ಲ ಮೇಡಂ, ಅನಾರೋಗ್ಯ ಎಂದು ಬರೆಯಿರಿ, ಬೇಗ ಆಗುತ್ತದೆ ಎಂದು ಮರಾಠಿಯಲ್ಲಿ ಸಲಹೆ ಕೊಟ್ಟಳು. ನನಗೆ ಕಾಯಿಲೆ ಇಲ್ಲ ಅಂದೆ. ಅರ್ಜಿ ಒಮ್ಮೆ ವಾಪಸ್ ಬಂತು. ಅದೇ ಕಾರಣ ಬರೆದು, ಸರ್ ಅವರ ಪತ್ರ ಸೇರಿಸಿ ಮತ್ತೆ ಕೊಟ್ಟೆ. ಮೂರನೆಯ ಸಲ ಹೋದಾಗ ಆರು ತಿಂಗಳು ಸಿಕ್ಕಿತು.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮುಂಚೆ ಒಂದು ತಾಸು, ಸಂಜೆ ಒಂದು ತಾಸು. ಉದಾಹರಣೆಗಳಿಂದ ಎರಡು ನೋಟ್‌ಬುಕ್ ತುಂಬಿದವು. ಕೆಲವು ಮೂರರ ಗುಂಪುಗಳಿಗೆ ತಡೆಯುವ ಅವಿಭಾಜ್ಯ ಸುಲಭವಾಗಿ ಸಿಗುತ್ತಿತ್ತು, ಕೆಲವಕ್ಕೆ ಜಪ್ಪಯ್ಯ ಅಂದರೂ ಇಲ್ಲ. ಏಕೆ ಎಂಬುದು ಮಾತ್ರ ಹೊಳೆಯಲಿಲ್ಲ. ನಾಲ್ಕನೆಯ ತಿಂಗಳು ಕಾಲೇಜಿನಲ್ಲಿ ಪರೀಕ್ಷೆ. ಮೇಲ್ವಿಚಾರಣೆಗೆ ಹೋದವರು ಮೂರು ತಾಸು ತಮ್ಮದೇನನ್ನೂ ಬರೆಯುತ್ತ ಕೂರುವಂತಿಲ್ಲ. ಬೆಂಚುಗಳ ನಡುವೆ ಓಡಾಡುತ್ತ ನೆನಪಿನಲ್ಲಿ ಹಿಡಿಯಲಾಗುವಷ್ಟೇ ಇಟ್ಟುಕೊಂಡೆ: ಋಣ ಒಂದು, ಋಣ ಎರಡು, ಎರಡು. ಅತ್ತೆಯ ಮುಂದೆ ಕೆಟ್ಟು ನಿಂತಿದ್ದ ಆ ಮೂರು ಪದಗಳು ಸೊನ್ನೆಯಾಗಬೇಕಾದರೆ ವರ್ಗವು ಸಮವಾಗಬೇಕಾದ ಸಂಖ್ಯೆಗಳು ಇವು. ಬೇರೇನೂ ತೋಚದೆ ಮೂರನ್ನೂ ಗುಣಿಸಿದೆ. ನಾಲ್ಕು. ಅದು ಎರಡರ ವರ್ಗ.

ಕಿಟಕಿಯ ಪಕ್ಕ ನಿಂತುಬಿಟ್ಟೆ. ಹುಡುಗಿಯೊಬ್ಬಳು ಸಪ್ಲಿಮೆಂಟ್ ಹಾಳೆ ಬೇಕೆಂದು ಎರಡು ಸಲ ಕರೆಯಬೇಕಾಯಿತು. ಸಿಗದೆ ಹೋದ ಇನ್ನೊಂದು ಗುಂಪು ನೆನಪಿಗೆ ತಂದುಕೊಂಡೆ. ಗುಣಲಬ್ಧ ವರ್ಗ. ಮತ್ತೊಂದು, ಅದೂ ವರ್ಗ. ಸಿಕ್ಕಿದ ಗುಂಪುಗಳಲ್ಲಿ ಒಂದರದೂ ವರ್ಗವಲ್ಲ. ಘಂಟೆ ಹೊಡೆದು ಉತ್ತರಪತ್ರಿಕೆ ಕಟ್ಟಿ ಕೊಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಬರೆದೆ. ಸಾಧನೆ ಪೂರ್ತಿಯಾಗಲು ಇನ್ನೂ ಐದು ವಾರ ಬೇಕಾಯಿತು.

ಹೊಸ ಪ್ರಮೇಯ ಹಳೆಯದಕ್ಕಿಂತ ಚಿಕ್ಕದು. ಆ ಸಂಖ್ಯೆಗಳಲ್ಲಿ ಮೂರೋ ಐದೋ, ಬೆಸವಾಗಿ ಎಷ್ಟನ್ನು ಆಯ್ದು ಗುಣಿಸಿದರೂ ವರ್ಗ ಬರದಿದ್ದರೆ ಉತ್ತರಗಳು ಎಣಿಸಿ ಮುಗಿಯುವಷ್ಟೇ. ವರ್ಗ ಬಂದರೆ ಉತ್ತರ ಮುಗಿಯುವುದಿಲ್ಲ ಎಂದಲ್ಲ, ನನ್ನ ದಾರಿ ಅಲ್ಲಿಗೆ ಮುಟ್ಟುವುದಿಲ್ಲ. ಪ್ರಬಂಧದ ಕೊನೆಯಲ್ಲಿ ನಾಲ್ಕು ಪುಟ ಅದನ್ನೇ ಬರೆದೆ; ನನ್ನ ಮೊದಲ ತಪ್ಪನ್ನೂ ಬಿಡಿಸಿ ಹೇಳಿದೆ. ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪ್ರಾಧ್ಯಾಪಕರು ಉಳಿದ ಅಧ್ಯಾಯಗಳನ್ನು ಬೇಗ ಬೇಗ ದಾಟಿ ಆ ನಾಲ್ಕು ಪುಟಕ್ಕೆ ಬಂದು ನಿಂತರು. ಈ ತಪ್ಪು ಕಂಡುಹಿಡಿದವರು ಯಾರು ಎಂದು ಕೇಳಿದರು. ನನ್ನ ಅತ್ತೆ ಅಂದೆ. ಅವರು ಎಲ್ಲಿ ಗಣಿತ ಕಲಿಸುತ್ತಾರೆ ಎಂದರು. ಸರ್ ತಲೆ ತಗ್ಗಿಸಿ ನಗುತ್ತಿದ್ದರು.

ಡಿಗ್ರಿ ಬಂತು. ಆದರೆ ಬಿಟ್ಟುಬಂದ ಗುಂಪುಗಳು ಮನಸ್ಸಿನಿಂದ ಹೋಗಲಿಲ್ಲ. ನಾಲ್ಕು ವರ್ಷದ ನಂತರ ಪಿಎಚ್‌ಡಿಗೆ ಹೆಸರು ನೋಂದಾಯಿಸುವ ಹೊತ್ತಿಗೆ ನನಗೆ ಕಾಲೇಜಿನಲ್ಲಿ ರಜೆ ಸಿಗಲಿಲ್ಲ. ಗಂಡ ಹೋಟೆಲಿಗೆ ರಜೆ ಹಾಕಿ ನವಿ ಮುಂಬಯಿಯ ನೋಂದಣಿ ಕಚೇರಿಗೆ ಹೋಗಿ ಬೆಳಿಗ್ಗೆ ಒಂಬತ್ತರಿಂದ ಸಾಲಿನಲ್ಲಿ ನಿಂತರು. ಹನ್ನೊಂದರ ಸುಮಾರಿಗೆ ಅವರ ಫೋನ್ ಬಂತು.

“ವಿಷಯ ಅಂತ ಒಂದು ಕಾಲಂ ಉಂಟು. ಎಂತ ಬರೀಲಿ?”

ಬಿಟ್ಟುಬಂದ ಆ ಗುಂಪುಗಳೇ ವಿಷಯ. ನಿಧಾನವಾಗಿ ಒಂದೊಂದೇ ಶಬ್ದ ಹೇಳಿದೆ. ಅವರು ಬರೆದುಕೊಂಡು ಓದಿ ಹೇಳಿದರು. ಒಂದು ಕಡೆ ತಪ್ಪಾಗಿತ್ತು, ತಿದ್ದಿಸಿದೆ.