ಚರಂಡಿ ನೀರಿಗೆ ಬಂದ ಅತಿಥಿ

ಎಂಬತ್ತರ ದಶಕದಲ್ಲಿ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಹೊರಬಿಡುವ ನೀರಿನ ಮಾದರಿ ತಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ಕಡೆ ವಯಸ್ಸಾದ ಮೇಸ್ತ್ರಿಯೊಬ್ಬರು ನನ್ನ ಕನ್ನಡ ಕೇಳಿ ಹಿಗ್ಗಿ, ತಿಳಿನೀರು ತುಂಬಿದ ಬಾಟಲಿಯನ್ನು ಕೈಗಿಟ್ಟರು.

“ಇದು ಬಾವಿ ನೀರಲ್ಲವೇ?”

“ನಮ್ಮ ಬಾಸೆ ಆಡೋರು ಬಂದಿದ್ದೀರ, ತಂಬಿ. ಚರಂಡಿ ನೀರು ಕೊಡೋಕಾಗ್ತದಾ?”

ನಾನೇ ಹೋಗಿ ಚರಂಡಿಯಿಂದ ತುಂಬಿಸಿಕೊಂಡೆ. ಅವರ ಮುಖ ಬಾಡಿತು.

“ಇದನ್ನ ಬರೆದ್ರೆ ಕಾರ್ಖಾನೆ ಮುಚ್ತಾರೆ. ಈ ವಯಸ್ಸಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?” ಎಂದರು. ಆದರೂ ಬಾಟಲಿಯನ್ನು ತಮ್ಮ ಟವಲಿನಿಂದ ಒರೆಸಿಕೊಟ್ಟರು.

ವರದಿಯಲ್ಲಿ ನೀರಿನ ಬಣ್ಣದ ಕಾಲಮ್ಮಿನಲ್ಲಿ ‘ದಾಸವಾಳದ ಕೆಂಪು’ ಎಂದು ಬರೆದೆ. ಅಲ್ಲಿ ಅಂಕಿ ಮಾತ್ರ ಇರಬೇಕೆಂದು ಮೇಲಧಿಕಾರಿಗಳು ವರದಿಯನ್ನೇ ತಳ್ಳಿಹಾಕಿದರು. ಕಾರ್ಖಾನೆ ನಡೆಯಿತು. ಮುಂದೆ ಸಿಕ್ಕಾಗಲೆಲ್ಲ ಮೇಸ್ತ್ರಿ ನನ್ನ ದೊಡ್ಡ ಮನಸ್ಸನ್ನು ಹೊಗಳಿ ಕಾಫಿ ಕೊಡಿಸುತ್ತಿದ್ದರು. ಅಷ್ಟು ಒಳ್ಳೆಯ ಕಾಫಿಯ ಮುಂದೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.