ಅದ್ರಾಮಾಕ ಮತ್ತು ಹಿಮದ ಗಾಡಿ

ಕಳೆದ ಶುಕ್ರವಾರ ಮಿಕ್ಸಿಯ ಜಾರಿಗೆ ಒಂದು ರಬ್ಬರ್ ವಾಷರ್ ತಂದೆ. ಅಂಗಡಿಯವನು ‘ಒರಿಜಿನಲ್’ ಎಂದು ಮೂರು ಸಲ ಆಣೆ ಹಾಕಿದ್ದ. ಮನೆಗೆ ಬಂದು ಅಡುಗೆಮನೆಯ ಕಿಟಕಿಯ ಬಳಿ ನಿಂತು ಅದನ್ನು ಬೆರಳುಗಳ ನಡುವೆ ಮಡಚಿ, ಬಿಡಿಸಿ, ಮೂಗಿಗೆ ಹಿಡಿದೆ. ತೆಂಗಿನಕಾಯಿ ತುರಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ನೋಡಿದಳು.

“ಅದೆಂತದು, ವಾಷರನ್ನು ಮಲ್ಲಿಗೆ ಮೂಸಿದ ಹಾಗೆ ಮೂಸುದು?”

ಅಭ್ಯಾಸಬಲ. ಅಭ್ಯಾಸ ನನ್ನದೂ ಅಲ್ಲ, ಅದ್ರಾಮಾಕರದ್ದು. ಪಾಸ್‌ಪೋರ್ಟಿನಲ್ಲಿ ಅವರು ಅಬ್ದುಲ್ ರಹಿಮಾನ್, ಊರು ಫರಂಗಿಪೇಟೆ. ಸೌದಿಯ ಜುಬೈಲಿನಲ್ಲಿದ್ದ ನಮ್ಮ ಕಡೆಯವರಿಗೆಲ್ಲ, ಬ್ಯಾರಿಯಿರಲಿ ಬಂಟರಿರಲಿ, ಅವರು ಅದ್ರಾಮಾಕ. ಮರಳಿನ ಮೇಲೆ ಓಡಿಸುವ ಬೈಕು, ನೀರಿನ ಪಂಪು, ಜನರೇಟರು ರಿಪೇರಿ ಮಾಡುವ ಒಂದು ಗ್ಯಾರೇಜಿನಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಫಿಟ್ಟರ್ ಆಗಿದ್ದರು. ನಾನು ಕಂಪನಿಯ ಗೋದಾಮಿನಲ್ಲಿ ಸಾಮಾನು ಎಣಿಸಿ ಪಟ್ಟಿ ಬರೆಯುವವನು. ಕೈಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಇತ್ತು. ಬೋಲ್ಟು ಬಿಗಿಯುವುದು ಎಡಕ್ಕೋ ಬಲಕ್ಕೋ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು, ಅಷ್ಟೆ. ಶುಕ್ರವಾರ ಊಟವಾದ ಮೇಲೆ ಕ್ಯಾಂಪಿನಲ್ಲಿ ಹೊತ್ತು ಹೋಗದೆ ಅವರ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದೆ.

ಹಾಗೆ ಹೋದ ಒಂದು ದಿನ ಗ್ಯಾರೇಜಿನ ನಡುವೆ ಅದು ನಿಂತಿತ್ತು. ಮುಂದೆ ಚಕ್ರವಿಲ್ಲ; ತುದಿ ಮೇಲಕ್ಕೆ ಬಾಗಿದ ಎರಡು ಉದ್ದ ಕಬ್ಬಿಣದ ಪಟ್ಟಿಗಳು. ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ರಬ್ಬರ್ ಬೆಲ್ಟು. ನಡುವೆ ಸ್ಕೂಟರಿನ ಹಾಗೆ ಸೀಟು, ಹ್ಯಾಂಡಲ್ಲು. “ಸಮುದ್ರದಲ್ಲಿ ಓಡಿಸುವ ಸ್ಕೂಟರಾ?” ಎಂದು ನನ್ನ ಡಿಪ್ಲೊಮಾ ಕೇಳಿತು.

“ಸಮುದ್ರದ್ದಲ್ಲ ಮಾರಾಯ, ಹಿಮದ್ದು,” ಎಂದರು ಅದ್ರಾಮಾಕ. “ಸ್ನೋಮೊಬೈಲ್ ಅಂತ. ನಾನೂ ಇವತ್ತೇ ನೋಡಿದ್ದು.”

ಗ್ಯಾರೇಜಿನ ಮಾಲೀಕ, ಅದ್ರಾಮಾಕರ ವೀಸಾಕ್ಕೆ ಹೊಣೆಯಾದ ಕಫೀಲ್, ಅಬು ಫಾರಿಸ್. ಅವರ ಅಣ್ಣ ಸುಲೈಮಾನ್ ಚಿಕ್ಕ ಪ್ರಾಯದಲ್ಲಿ ಉತ್ತರದ ಯಾವುದೋ ಹಿಮದ ದೇಶದಲ್ಲಿ ಓದಿದವರು. ಓದು ಮುಗಿಸಿ ಬರುವಾಗ ಉಳಿದವರು ರೇಡಿಯೋ, ಕೋಟು ತಂದರೆ ಇವರು ಆ ಗಾಡಿಯನ್ನೇ ಹಡಗಿಗೆ ಹಾಕಿದ್ದರಂತೆ. ಸೌದಿಗೆ ಬಂದ ಮೇಲೆ ಒಮ್ಮೆ ಮರಳದಿಬ್ಬದ ಮೇಲೆ ಓಡಿಸಿಯೂ ಆಯಿತು. ಹಿಮದ ತಂಪಿನಲ್ಲಿ ಹುಟ್ಟಿ ಬೆಳೆದ ಎಂಜಿನ್ನು ಒಂದು ಫರ್ಲಾಂಗಿನಲ್ಲಿ ಬಿಸಿಯಾಗಿ ಕಚ್ಚಿಕೊಂಡಿತು. ಅವತ್ತು ಟಾರ್ಪಾಲಿನ ಕೆಳಗೆ ಹೋದದ್ದು ದಶಕಗಟ್ಟಲೆ ಹೊರಗೆ ಬರಲಿಲ್ಲ. ಈಗ ಸುಲೈಮಾನ್ ಸಾಹೇಬರಿಗೆ ಕಾಯಿಲೆ. ಒಂದೇ ಆಸೆ: ಗಾಡಿ ಮೊದಲು ಹೇಗಿತ್ತೋ ಹಾಗೆಯೇ ಆಗಬೇಕು, ಅದರ ಮೇಲೆ ಕೂತು ಎಂಜಿನ್ನಿನ ಶಬ್ದ ಒಂದು ಸಲ ಕೇಳಬೇಕು.

‘ಮೊದಲು ಹೇಗಿತ್ತೋ ಹಾಗೆ’ ಎಂಬುದು ಹೇಳಲು ಸುಲಭ. ಅಷ್ಟು ವರ್ಷಗಳಲ್ಲಿ ಆ ಗಾಡಿ ಇಡೀ ಕುಟುಂಬಕ್ಕೆ ಬಿಡಿಭಾಗಗಳ ಕಣಜವಾಗಿತ್ತು. ಯಾರು ಏನು ಬಿಚ್ಚಿದರು, ಬದಲಿಗೆ ಏನು ತುರುಕಿದರು ಎಂಬ ಲೆಕ್ಕ ಯಾರಲ್ಲೂ ಇರಲಿಲ್ಲ. ಅದ್ರಾಮಾಕ ಮೊದಲ ಎರಡು ವಾರ ಸ್ಪ್ಯಾನರ್ ಮುಟ್ಟಲೇ ಇಲ್ಲ. ಒಂದು ಉಂಡೆ ಬಿಳಿ ನೂಲು ಹಿಡಿದು ಗಾಡಿಯ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದರು. ಗಾಡಿಯ ಜೊತೆಗೇ ಹುಟ್ಟಿದ್ದು ಎಂದು ಖಾತ್ರಿಯಾದ ಭಾಗಕ್ಕೆ ನೂಲು ಕಟ್ಟುವುದು, ಆಮೇಲೆ ಸೇರಿದ್ದನ್ನು ಹಾಗೇ ಬಿಡುವುದು.

“ಹೇಗೆ ಗೊತ್ತಾಗ್ತದೆ?” ಎಂದು ಕೇಳಿದೆ.

“ನೋಡು, ಇದರ ಮೈಯೆಲ್ಲ ಇಂಚಿನ ಬೋಲ್ಟು. ಎಂಜಿನ್ ಮಾತ್ರ ಬೇರೆ ದೇಶದಿಂದ ತರಿಸಿದ್ದು, ಅದಕ್ಕೆ ಎಂ.ಎಂ. ಮೈಯಲ್ಲಿ ಎಲ್ಲಿಯಾದ್ರೂ ಎಂ.ಎಂ. ಬೋಲ್ಟು ಕಂಡ್ರೆ ಅದು ಇಲ್ಲಿಗೆ ಬಂದ ಮೇಲೆ ಸೇರಿದ ನೆಂಟ.” ವಾಷರೊಂದನ್ನು ಬಿಚ್ಚಿ ಅದರ ಅಡಿಯ ಜಾಗ ತೋರಿಸಿದರು. ಬಿಸಿಲು ಕಾಣದ ಹಳದಿ ಬಣ್ಣ ಅಲ್ಲಿ ಮೊನ್ನೆ ಬಳಿದಂತೆ ಹೊಳೆಯುತ್ತಿತ್ತು. “ಒಟ್ಟಿಗೆ ಬಾಳಿದ ಎರಡು ತುಂಡು ಒಂದನ್ನೊಂದು ಸವೆಸ್ತದೆ. ಒಂದು ಸವೆದು ಇನ್ನೊಂದು ಸವೆಯದೆ ಉಂಟು ಅಂದ್ರೆ, ಅವು ಗಂಡಹೆಂಡತಿ ಅಲ್ಲ.”

ರಬ್ಬರಾದರೆ ಮಡಚಿ ಮೂಸುತ್ತಿದ್ದರು. ಹಳೆಯ ರಬ್ಬರಿಗೂ ಹಳೆಯದರಂತೆ ನಟಿಸುವ ರಬ್ಬರಿಗೂ ವಾಸನೆ ಬೇರೆಯಂತೆ. ನಾನೂ ಮೂಸಿದೆ. ನನಗೆ ಎರಡೂ ಚಪ್ಪಲಿಯ ವಾಸನೆ.

ಕಳೆದುಹೋದದ್ದನ್ನು ಹುಡುಕುವುದು ಒಂದು ದೊಡ್ಡ ಕಥೆ. ಹೆಡ್‌ಲೈಟು ಅಲ್ ಖಫ್ಜಿಯ ದಾರಿಯಲ್ಲಿದ್ದ ಅಬು ಫಾರಿಸರ ನೆಂಟರ ಆಡಿನ ದೊಡ್ಡಿಯಲ್ಲಿ ಇನ್ನೂ ಉರಿಯುತ್ತಿತ್ತು. ಬೆಲ್ಟಿನೊಳಗಿನ ಒಂದು ಗಾಲಿ ಯಾರದೋ ಬಾವಿಗೆ ರಾಟೆಯಾಗಿತ್ತು. ಕಾರ್ಬುರೇಟರಿನ ಜಾಗದಲ್ಲಿ ನೀರಿನ ಪಂಪಿನದ್ದು ಕೂತಿತ್ತು. ಸರಿಯಾದದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತರಿಸುವ ಕೆಲಸ ನನ್ನದಾಯಿತು. ನಂಬರಿಗೆ ನಂಬರು ತಾಳೆ ನೋಡಿ ತರಿಸಿದೆ. ಪೆಟ್ಟಿಗೆ ಬಿಚ್ಚಿ ಬೀಗುತ್ತ ಕೈಗಿತ್ತರೆ ಅದ್ರಾಮಾಕ ಅದನ್ನು ತಿರುಗಿಸಿ, ತೂತುಗಳ ಮೇಲೆ ಬೆರಳಾಡಿಸಿ ಹಿಂದಕ್ಕೆ ಕೊಟ್ಟರು. “ಇದು ಅದರ ತಮ್ಮ. ಅದಲ್ಲ.” ನೋಡಿದರೆ ಎರಡು ವರ್ಷ ಆಮೇಲಿನ ಗಾಡಿಯದ್ದು. ನಂಬರಿನ ಕೊನೆಗಿದ್ದ ಒಂದು ಅಕ್ಷರವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಎಲ್ಲ ಸಿಕ್ಕಿತು, ಒಂದು ಬಿಟ್ಟು. ಎಡಗೈಯ ಬ್ರೇಕ್ ಲಿವರ್. ನಾಲ್ಕು ತಿಂಗಳು ಹುಡುಕಿದೆವು, ಇಲ್ಲ. ಸುಲೈಮಾನ್ ಸಾಹೇಬರು ದಿನದಿಂದ ದಿನಕ್ಕೆ ಇಳಿಯುತ್ತಿದ್ದರು. ಒಂದು ಶುಕ್ರವಾರ ಹೋಗಿ ನೋಡಿದರೆ ಅದ್ರಾಮಾಕ ಹಳೆಯ ಪಿಸ್ಟನ್ನುಗಳನ್ನು ಕರಗಿಸುತ್ತಿದ್ದಾರೆ. ಇಂಟರ್ನೆಟ್ಟಿನ ಚಿತ್ರ ನೋಡಿ ಮರದಲ್ಲಿ ಲಿವರಿನ ಅಚ್ಚು ಕೆತ್ತಿ, ಅದನ್ನು ಹದ ಮಾಡಿದ ಮರಳಿನಲ್ಲಿ ಒತ್ತಿ, ಆ ಗುಳಿಗೆ ಅಲ್ಯೂಮಿನಿಯಂ ಹೊಯ್ದರು. ಎರಡು ಸಲ ಕೆಟ್ಟಿತು. ಮೂರನೆಯದನ್ನು ಅರದಿಂದ ತಿದ್ದಿ, ತೂತು ಕೊರೆದ ಡಬ್ಬಕ್ಕೆ ಹಾಕಿ, ಉಪ್ಪುನೀರು ತಾಗುವ ಹಾಗೆ ಕಡಲದಂಡೆಯಲ್ಲಿ ಒಂದು ತಿಂಗಳು ಹೂತಿಟ್ಟರು. ಆಮೇಲೆ ತೊಗಲಿಗೆ ಎಣ್ಣೆ ಹಚ್ಚಿ, ಬೆರಳು ಹಿಡಿಯುವ ಕಡೆ ಮಾತ್ರ ಉಜ್ಜಿದರು.

“ಇಷ್ಟೆಲ್ಲ ಎಂತಕ್ಕೆ ಅದ್ರಾಮಾಕ? ಹೊಸದೇ ಇರ್ಲಿ.”

“ಮುದುಕನ ಬಾಯಿಗೆ ಒಂದು ಹಾಲುಹಲ್ಲು ಇಟ್ರೆ ಹೇಗೆ ಕಾಣ್ತದೆ? ಆ ಸಾಹೇಬ್ರು ಹಿಡಿಯುವಾಗ ಅವರ ಕೈಗೆ ಪರಿಚಯ ಸಿಗ್ಬೇಕು.”

ಸಿಕ್ಕಿತು. ಸುಲೈಮಾನ್ ಸಾಹೇಬರನ್ನು ಇಬ್ಬರು ಹಿಡಿದು ಸೀಟಿನ ಮೇಲೆ ಕೂರಿಸಿದರು. ಅದ್ರಾಮಾಕ ಸ್ಟಾರ್ಟರಿನ ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಎಂಜಿನ್ನು ಕೆಮ್ಮಿ ಎದ್ದಿತು. ನೀಲಿ ಹೊಗೆಯ ನಡುವೆ ಅವರು ಎಡಗೈಯಿಂದ ಬ್ರೇಕು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಆಮೇಲೆ ಅಲ್ಲಿದ್ದ ಯಾರಿಗೂ ತಿಳಿಯದ ಯಾವುದೋ ಭಾಷೆಯಲ್ಲಿ ಜೋರಾಗಿ ಏನೋ ಕೂಗಿ ನಕ್ಕರು. ಅಬು ಫಾರಿಸ್ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಮೂರು ತಿಂಗಳಿಗೆ ಸುಲೈಮಾನ್ ಸಾಹೇಬರು ತೀರಿಕೊಂಡರು. ಅವರು ಓದಿದ ಊರಿನಲ್ಲಿ ಇಂಥ ಗಾಡಿಗಳದ್ದೇ ಒಂದು ಚಿಕ್ಕ ಮ್ಯೂಸಿಯಂ ಇತ್ತು. ಗಾಡಿಯನ್ನು ಅಲ್ಲಿಗೆ ದಾನ ಮಾಡಬೇಕು, ಅದರ ಪಕ್ಕ ಅಣ್ಣನ ಹೆಸರಿನ ಫಲಕವಿರಬೇಕು ಎಂಬುದು ಅಬು ಫಾರಿಸರ ಹಟವಾಯಿತು. ಮ್ಯೂಸಿಯಮ್ಮಿನವರು, ಚಾಲಕನ ಕೈಗೆ ಸಿಗುವ ಭಾಗಗಳೆಲ್ಲ ಮೂಲದ್ದೇ ಆಗಿದ್ದರೆ ಮಾತ್ರ ಎಂದರು. ಪಟ್ಟಿ ಬರೆಯುವ ಕೆಲಸ ನನ್ನದು. ಬ್ರೇಕ್ ಲಿವರಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅಬು ಫಾರಿಸ್ ನನ್ನ ಹೆಗಲ ಮೇಲೆ ಕೈ ಇಟ್ಟು, “ಒರಿಜಿನಲ್ ಅಂತ ಬರಿ. ನನ್ನ ಅಣ್ಣನಿಗಾಗಿ,” ಎಂದರು. ಬರೆದೆ. ಒಳ್ಳೆಯ ಕೆಲಸಕ್ಕೆ ಒಂದು ಶಬ್ದ ಎಂದುಕೊಂಡೆ. ಇಂಗ್ಲಿಷ್ ಓದಲು ಬಾರದ ಅದ್ರಾಮಾಕರಿಗೆ ನಾನಾಗಿ ಹೇಳಲಿಲ್ಲ.

ಗಾಡಿ ನೋಡಲು ಅಲ್ಲಿಂದ ಇಂಗ್ರಿಡ್ ಎಂಬ ಹೆಂಗಸು ಬಂದರು. ಅರವತ್ತು ದಾಟಿದ ಪ್ರಾಯ, ಕತ್ತರಿಸಿದ ಬಿಳಿ ಕೂದಲು. ಅಲ್ಲಿನ ಕಪ್ಪು ನಿಲುವಂಗಿ ಅಬಾಯದ ತೋಳು ಮಡಚಿ, ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ, ಪುಟ್ಟ ಕನ್ನಡಿ ಹಿಡಿದು ಗಾಡಿಯ ಹೊಟ್ಟೆ ನೋಡಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದರು. ಕೊನೆಗೆ ಎದ್ದು ಬ್ರೇಕ್ ಲಿವರಿನ ಮೇಲೆ ಬೆರಳಿಟ್ಟು, ಇಷ್ಟು ಚೆನ್ನಾಗಿ ಉಳಿದ ಲಿವರ್ ನಮ್ಮ ದೇಶದಲ್ಲೂ ಇಲ್ಲ ಎಂದರು. ನನ್ನ ಪಟ್ಟಿಯನ್ನು ನೋಡಿ “ಬ್ರೇಕ್ ಲಿವರ್, ಒರಿಜಿನಲ್” ಎಂದು ಓದಿ ಟಿಕ್ ಹಾಕಲು ಪೆನ್ನು ತೆಗೆದರು.

‘ಒರಿಜಿನಲ್’ ಎಂಬ ಶಬ್ದ ಅದ್ರಾಮಾಕರಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿದರು.

“ಅದು ಒರಿಜಿನಲ್ ಅಲ್ಲ ಅಂತ ಹೇಳು.”

ನಾನು ಮೆಲ್ಲಗೆ, “ಸುಮ್ಮನಿರಿ ಮಾರಾಯ್ರೆ. ಅವರಿಗೆ ಗೊತ್ತಾಗ್ಲಿಲ್ಲ,” ಎಂದೆ.

“ಗೊತ್ತಾಗ್ಲಿಲ್ಲ ಅಂತಲೇ ಹೇಳ್ಬೇಕಾದ್ದು. ಗೊತ್ತಾಗಿದ್ರೆ ನಾವು ಹೇಳುದು ಎಂತ ಉಂಟು?”

ನಾನು ನೆಲ ನೋಡಿದೆ. ಪಕ್ಕದಲ್ಲೇ ನಿಂತಿದ್ದ ಅಬು ಫಾರಿಸರ ಮುಖ ನೋಡುವ ಧೈರ್ಯ ಇರಲಿಲ್ಲ. ಅದ್ರಾಮಾಕ ಕೈಯನ್ನು ಬಟ್ಟೆಗೆ ಒರೆಸಿಕೊಂಡು ತಾವೇ ಮುಂದೆ ಹೋದರು. “ಮೇಡಂ, ದಿಸ್ ನೋ ಕಂಪನಿ. ದಿಸ್ ಮೀ.” ಕಪಾಟಿನಿಂದ ಮರದ ಅಚ್ಚು ತೆಗೆದು ಅವರ ಕೈಯಲ್ಲಿಟ್ಟರು.

ಅಬು ಫಾರಿಸ್ ಹೊರಗೆ ಹೋದರು. ಕಾರಿನ ಬಾಗಿಲು ಬಡಿದ ಸದ್ದು ಕೇಳಿತು. ಇಂಗ್ರಿಡ್ ಅಚ್ಚನ್ನು ಲಿವರಿನ ಪಕ್ಕ ಹಿಡಿದು ತುಂಬ ಹೊತ್ತು ನೋಡಿದರು. ನಾನು ಬರೆದಿದ್ದ ಶಬ್ದದ ಮೇಲೆ ಒಂದು ಗೆರೆ ಎಳೆದು, ಸರಿಯಾಗಿ ಬರೆದು ಸಹಿ ಹಾಕು ಎಂದು ಪೆನ್ನನ್ನು ನನಗೇ ಕೊಟ್ಟರು. ಮಾಡಿದವರ ಹೆಸರೂ ಇರಲಿ ಎಂದರು. ಅದನ್ನು ಅದ್ರಾಮಾಕರಿಗೆ ಹೇಳಿದಾಗ ಅವರು ತಲೆಯಾಡಿಸಿದರು. “ಹೆಸರು ಬೇಡ. ಅದು ಸುಲೈಮಾನ್ ಸಾಹೇಬ್ರ ಗಾಡಿ. ಒರಿಜಿನಲ್ ಅಲ್ಲ ಅಂತ ಬರಿ, ಸಾಕು.”

ಎಂಟು ದಿನ ಅಬು ಫಾರಿಸ್ ಗ್ಯಾರೇಜಿಗೆ ಬರಲಿಲ್ಲ. ಅಲ್ಲಿ ಉಳಿಯುವ ಪರವಾನಗಿಯಾದ ಇಕಾಮಾವೇ ಅವರ ಕೈಯಲ್ಲಿದ್ದರೂ ಅದ್ರಾಮಾಕ ಆ ಎಂಟು ದಿನವೂ ಎಂದಿನಂತೆ ಪಂಪು ಬಿಚ್ಚಿದರು, ಕಟ್ಟಿದರು. ಒಂಬತ್ತನೆಯ ದಿನ ಕಫೀಲ್ ಬಂದು ಫೋನಿನಲ್ಲಿದ್ದ ಮ್ಯೂಸಿಯಮ್ಮಿನ ಪತ್ರವನ್ನು ನನ್ನಿಂದ ಓದಿಸಿದರು. ನಿಯಮ ಸಡಿಲಿಸಿ, ಲಿವರ್ ಆಮೇಲೆ ಮಾಡಿದ್ದೆಂಬ ಚೀಟಿಯೊಂದಿಗೆ ಗಾಡಿಯನ್ನು ತೆಗೆದುಕೊಳ್ಳುತ್ತೇವೆ, ಫಲಕವೂ ಇರುತ್ತದೆ ಎಂದಿತ್ತು.

“ನೀನು ಹೇಳದಿದ್ದರೂ ತೆಗೆದುಕೊಳ್ಳುತ್ತಿದ್ದರು,” ಎಂದರು ಅಬು ಫಾರಿಸ್ ಅರಬಿಯಲ್ಲಿ.

“ಹೌದು. ಆಗ ನಿಮ್ಮ ಅಣ್ಣನ ಹೆಸರಿನ ಪಕ್ಕ ಒಂದು ಸುಳ್ಳು ಕೂತಿರುತ್ತಿತ್ತು,” ಎಂದರು ಅದ್ರಾಮಾಕ, ಅದೇ ಭಾಷೆಯಲ್ಲಿ.

ಅಬು ಫಾರಿಸ್ ತಲೆಯ ವಸ್ತ್ರವನ್ನು ಸರಿಮಾಡಿಕೊಂಡರು. “ಯಲ್ಲಾ, ನಡೀರಿ, ಪೆಟ್ಟಿಗೆ ಕಟ್ಟಿ,” ಎಂದರು.

ಅದ್ರಾಮಾಕ ಈಗ ಊರಲ್ಲಿದ್ದಾರೆ. ಮೊನ್ನೆ ಇಂಗ್ರಿಡ್ ಒಂದು ವಿಡಿಯೊ ಕಳಿಸಿದರು. ಕಣ್ಣು ಹಾಯುವಷ್ಟು ದೂರ ಹಿಮ. ಅದರ ಮೇಲೆ ನಮ್ಮ ಹಳದಿ ಗಾಡಿ ಬಿಳಿ ಧೂಳೆಬ್ಬಿಸುತ್ತ ಒಂದು ಸುತ್ತು ಬರುತ್ತದೆ. ಏಳೆಂಟು ಸಲ ನೋಡಿ, ಫರಂಗಿಪೇಟೆಗೆ ಕಳಿಸಿ, ಫೋನ್ ಮಾಡಿದೆ.

“ಅದ್ರಾಮಾಕ, ಹಿಮ ನೋಡಿದ್ರಾ?”

“ನೋಡಿದೆ. ಬೆಲ್ಟು ತಿರುಗಿಸುವ ಚೈನ್ ಸಡಿಲ ಉಂಟಲ್ಲ ಮಾರಾಯ, ನಿಂಗೆ ಕೇಳ್ಲಿಲ್ವಾ? ಎಡಕ್ಕೆ ತಿರುಗುವಾಗ ಟಕ್ ಅಂತದೆ. ಆ ಮೇಡಂಗೆ ಬರಿ.”

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ವಿಡಿಯೊವನ್ನು ಬರೀ ಕಿವಿಯಿಂದ ಕೇಳಿದೆ. ಮೊದಲ ಸಲ ಎಂಜಿನ್ನಿನ ಮೊರೆತ ಬಿಟ್ಟು ಏನಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ, ಮೊರೆತದ ಅಡಿಯಲ್ಲಿ, ಸಣ್ಣಗೆ, ಟಕ್.

ಇಂಗ್ರಿಡ್‌ಗೆ ಆಗಲೇ ಬರೆಯಲು ಕೂತೆ. ‘ಚೈನ್ ಸಡಿಲವಿರಬಹುದು’ ಎಂದು ಬರೆದು ಅಳಿಸಿದೆ. ಸಡಿಲವಿದೆ, ಅದ್ರಾಮಾಕ ಹೇಳಿದರು, ನಾನೂ ಕೇಳಿದೆ ಎಂದು ಬರೆದು ಕಳಿಸಿದೆ.