ಸಂಘ ಹಾಕಿದ ಮುಯ್ಯಿ

ಅರವತ್ತರ ದಶಕದಲ್ಲಿ, ಕೊಳ್ಳೇಗಾಲದ ಗೃಹನಿರ್ಮಾಣ ಸಹಕಾರ ಸಂಘಕ್ಕೆ ನಾನು ನಿರ್ದೇಶಕನಾಗಿದ್ದಾಗ ನಮಗೊಬ್ಬರು ಕಾರ್ಯದರ್ಶಿಗಳಿದ್ದರು. ಯಾರೇ ಬರಲಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿ, "ಮೊದ್ಲು ಒಳಿಕ್ ಕಾಲಿಡಿ, ಮಿಕ್ಕಿದ್ದು ಆಮ್ಯಾಕೆ ಕಣ್ರಿ" ಎನ್ನುವರು. ಮನೆ ಕೊಳ್ಳುವವರು ಕಟ್ಟಬೇಕಾದ ಮುಂಗಡದಲ್ಲಿ ಅರ್ಧವನ್ನು ಸಂಘವೇ ಕೊಡುತ್ತಿತ್ತು. ಆ ಮನೆಯಲ್ಲಿ ವಾಸವಿರುವ ತನಕ ಅದನ್ನು ಹಿಂದಿರುಗಿಸಬೇಕಿರಲಿಲ್ಲ. ಮನೆ ಮಾರಿದರೆ ಮಾತ್ರ ಅದು ಸಂಘಕ್ಕೆ ಮರಳಿ ಮತ್ತೊಬ್ಬರಿಗೆ ನೆರವಾಗಬೇಕಿತ್ತು.

ಒಮ್ಮೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಮಾಂಬಳ್ಳಿಯ ಹೆಂಗಸಿಗೆ ಮನೆ ಮಂಜೂರಾಯಿತು. ಅಂದೇ ಮುಂಗಡ ಕಟ್ಟದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು. ಆದರೆ ಆಕೆ, "ದರ್ಮದ್ ದುಡ್ಡು ನಂಗ್ ಬ್ಯಾಡ ಸಾ" ಎಂದು ಎದ್ದುನಿಂತಳು. ಸಹಕಾರ ತತ್ತ್ವವನ್ನು ಕುರಿತ ನನ್ನ ವಾದವನ್ನೆಲ್ಲ ವಿನಯದಿಂದ ಕೇಳಿದಳು, ಕೂರಲಿಲ್ಲ.

"ಮದ್ವೇಲಿ ಮುಯ್ಯಿ ಆಕುದ್ರೆ ದರ್ಮ ಅಂದೀಯೇನವ್ವಾ?" ಎಂದರು ಕಾರ್ಯದರ್ಶಿಗಳು. "ಇದೂ ಮುಯ್ಯೇ ಕಣವ್ವಾ. ಇವತ್ತು ನಿಂಗೆ, ನಾಳೀಕ್ ಇನ್ನೊಬ್ರಿಗೆ."

ಆಕೆ ಯೋಚಿಸಿ, "ಮುಯ್ಯಿ ಆಕ್ದೋರು ಉಣ್ದೆ ಓಗಂಗಿಲ್ಲ. ಒಕ್ಕಲಾಗೋ ದಿನ ನೀವ್ ಬಂದು ಉಣ್ತೀರಾ?" ಎಂದಳು.

ಲಂಚದ ಮಾತು ಬರಬಾರದೆಂದು ಸದಸ್ಯರ ಮನೆಯಲ್ಲಿ ಹನಿ ನೀರನ್ನೂ ಮುಟ್ಟದ ವ್ರತ ಕಾರ್ಯದರ್ಶಿಗಳದು. ಮೇಜಿನ ಮೇಲೆ ಹರಡಿದ್ದ ಅಂಗೈಗಳನ್ನು ಅವರು ಹಿಂದಕ್ಕೆಳೆದುಕೊಂಡರು. ಆಕೆ ಬಾಗಿಲ ಕಡೆ ತಿರುಗಿದಳು.

"ಏ, ನಿಂತ್ಕಳವ್ವಾ! ಉಣ್ತೀನಿ!"

ಗೃಹಪ್ರವೇಶದ ದಿನ ಅವರು ಮೊದಲ ಪಂಕ್ತಿಯಲ್ಲೇ ಕುಳಿತರು. ಮೂರನೆಯ ಒಬ್ಬಟ್ಟು ಮುಗಿದಾಗ ಆಕೆ, "ಸಾಕಾ ಸಾ?" ಎಂದು ನಕ್ಕಳು.

"ಸಾಕು ಅಂದ್ರೆ ಎಂಗವ್ವಾ? ಮುಯ್ಯಿ ಆಕ್ದೋರು ಸಂಗದೋರೆಲ್ಲಾ. ಅವರೆಲ್ಲರ್ ಪಾಲ್ನೂ ನಾನೊಬ್ನೇ ಉಣ್ಬೇಕಲ್ಲಾ!"